ಟೊಳ್ಳು ಮೇಸ್ತ್ರಿಯ ಕೆಂಪು ಚುಕ್ಕೆಗಳು

ನಮ್ಮ ಭಾವ ಮೂವತ್ತೊಂದು ವರ್ಷದಿಂದ, ಒಳಗೆ ಏನೂ ಇಲ್ಲದ ಒಂದು ಕೊಳವೆಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಹೀಗೆಂದು ಪರಿಚಯ ಮಾಡಿಕೊಟ್ಟರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಭಾವನ ಮುಖ ನೋಡುತ್ತಾರೆ, ಇಬ್ಬರಲ್ಲಿ ಯಾರನ್ನು ಅನುಮಾನಿಸಬೇಕೆಂದು ತೋಚದೆ ಕೊನೆಗೆ ಸೆಕೆಯ ವಿಷಯಕ್ಕೆ ಹೊರಳುತ್ತಾರೆ.

ಬಂದರಿನಲ್ಲಿ ಒಂದು ಕಬ್ಬಿಣದ ಗೋಪುರವಿದೆ. ಅದರ ನೆತ್ತಿಯ ಮೇಲೆ ಉದ್ದನೆಯ ಹಲಗೆಯಂಥದೊಂದು ಸದಾ ತಿರುಗುತ್ತಿರುತ್ತದೆ. ಅದು ರೇಡಾರಿನ ಆಂಟೆನಾ. ಗೋಪುರದ ಬುಡದ ಕೋಣೆಯಲ್ಲಿ ಬೀರುವಿನಷ್ಟು ದೊಡ್ಡ ಯಂತ್ರ. ಯಂತ್ರದಲ್ಲಿ ಹುಟ್ಟಿದ ಶಕ್ತಿ ಮೇಲಕ್ಕೆ ಹೋಗಿ, ಆಂಟೆನಾದಿಂದ ಸಮುದ್ರದ ಮೇಲೆ ಹರಡಿ, ಹಡಗಿಗೋ ದೋಣಿಗೋ ಬಡಿದು ಹಿಂದಕ್ಕೆ ಬಂದರೆ ಪರದೆಯ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಇಷ್ಟು ನನಗೂ ಅರ್ಥವಾಗುತ್ತದೆ. ಅರ್ಥವಾಗದ್ದು ಮುಂದಿನದು. ಬುಡದಿಂದ ನೆತ್ತಿಯವರೆಗೆ ಆ ಶಕ್ತಿಯನ್ನು ಒಯ್ಯುವುದು ತಂತಿಯಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕ ಬಾಯಿಯ, ಚಪ್ಪಟೆಯಾದ ತಾಮ್ರದ ಕೊಳವೆ. ಅದರ ನಿಜವಾದ ಹೆಸರು ವೇವ್‌ಗೈಡ್. ಬಂದರಿನವರು ಬರೀ ಗೈಡು ಅನ್ನುತ್ತಾರೆ. ಅದರ ಉಸ್ತುವಾರಿ ಹೊತ್ತ ನಮ್ಮ ಭಾವನಿಗೆ ಟೊಳ್ಳು ಮೇಸ್ತ್ರಿ ಅನ್ನುತ್ತಾರೆ.

ಭಾವ ಈ ಕೆಲಸಕ್ಕೆ ಸೇರಿದ್ದೇ ಒಂದು ಗೊಂದಲದಿಂದ. ಅವರು ಮೂಲತಃ ನಲ್ಲಿ ರಿಪೇರಿಯವರು. ಬಂದರಿಗೆ ಪೈಪು ಜೋಡಿಸುವವರು ಬೇಕಾಗಿದ್ದಾರೆ ಎಂಬ ಜಾಹೀರಾತು ನೋಡಿ, ಹಡಗಿಗೆ ನೀರು ತುಂಬುವ ಪೈಪಿರಬೇಕೆಂದು ಸ್ಪ್ಯಾನರ್ ಹಿಡಿದು ಹೋದರು. ಮೊದಲ ದಿನ ಹಳೆಯ ಮೇಸ್ತ್ರಿ ಒಂದು ತುಂಡು ಗೈಡನ್ನು ಕೈಗೆ ಕೊಟ್ಟು ಒರೆಸು ಎಂದರಂತೆ. ಭಾವ ಅದರ ಹೊರಮೈಯನ್ನು ಮುಖ ಕಾಣುವ ಹಾಗೆ ಉಜ್ಜಿಟ್ಟರು. ಹೊರಗಲ್ಲಪ್ಪ, ಒಳಗೆ, ಎಂದರು ಹಳೆಯ ಮೇಸ್ತ್ರಿ. ಭಾವ ಒಂದು ಕಣ್ಣು ಮುಚ್ಚಿ ಇಣುಕಿ, ಒಳಗೆ ಏನೂ ಇಲ್ಲವಲ್ಲ, ಇದರಲ್ಲಿ ಹರಿಯುವುದಾದರೂ ಏನು ಎಂದು ಕೇಳಿದರು.

"ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋದೇ ಇನ್ನು ಮೇಲೆ ನಿನ್ನ ಕೆಲಸ," ಎಂದರಂತೆ ಆ ಹಿರಿಯರು.

ಅಂದಿನಿಂದ ಭಾವ ಅದನ್ನೇ ಮಾಡುತ್ತಿದ್ದಾರೆ. ಗೈಡಿನ ಗೋಡೆ ಒಂದು ಕಡೆ ನೆಗ್ಗಿದರೂ, ಒಳಗೊಂದು ಹನಿ ನೀರು ಕೂತರೂ, ತುಂಡು ತುಂಡು ಸೇರುವ ಕಡೆ ಕೂದಲೆಳೆಯಷ್ಟು ಸಂದು ಬಿದ್ದರೂ, ಮೇಲೆ ಹೋಗಬೇಕಾದ ಶಕ್ತಿ ಅರ್ಧ ದಾರಿಯಲ್ಲಿ ಮುನಿಸಿಕೊಂಡು ಹಿಂದಕ್ಕೆ ತಿರುಗುತ್ತದೆ. ಆದ್ದರಿಂದ ಅವರ ಕೆಲಸಕ್ಕೊಂದು ಕ್ರಮವಿದೆ. ಎರಡು ಮಸ್ಲಿನ್ ಬಟ್ಟೆ ತೆಗೆದುಕೊಂಡು ಹೋಗುವುದು. ಒಳಗೆ ಎರಡು ಸಲ ಒರೆಸುವುದು. ಬಾಯಿಂದ ಊದುವಂತಿಲ್ಲ, ಉಸಿರಿನಲ್ಲಿ ತೇವ ಇರುತ್ತದೆ. ಒಂದು ತುದಿಗೆ ಟಾರ್ಚು ಹಿಡಿದು ಇನ್ನೊಂದು ತುದಿಯಿಂದ ಕಣ್ಣಿಟ್ಟು ನೋಡುವುದು. ಬಟ್ಟೆ ಎರಡೂ ಹೊರಗಿವೆಯೇ ಎಂದು ಎಣಿಸುವುದು. ಆಮೇಲೆ ರಬ್ಬರಿನ ಉಂಗುರ ಕೂರಿಸಿ ಒಂದೊಂದು ಜೋಡಣೆಗೂ ನಾಲ್ಕು ಬೋಲ್ಟು ಬಿಗಿದು, ಪ್ರತಿ ಬೋಲ್ಟಿನ ತಲೆಗೂ ಗೈಡಿಗೂ ಸೇರುವ ಹಾಗೆ ಒಂದು ಕೆಂಪು ಚುಕ್ಕೆ ಇಡುವುದು. ಯಾರಾದರೂ ಬೋಲ್ಟು ತಿರುಗಿಸಿದರೆ ಚುಕ್ಕೆ ಒಡೆದು ಗುಟ್ಟು ರಟ್ಟಾಗುತ್ತದೆ. ಕೊನೆಗೆ ರಿಜಿಸ್ಟರಿನಲ್ಲಿ 'ಒಳಗೆ ನೋಡಿದ್ದೇನೆ, ಏನೂ ಇಲ್ಲ' ಎಂದು ಬರೆದು ಸಹಿ ಹಾಕುವುದು. ಹೀಗೆ ಸಹಿ ಹಾಕುವ ಅಧಿಕಾರ ಇರುವವರ ಪಟ್ಟಿ ಯಂತ್ರದ ಕೋಣೆಯ ಗೋಡೆಯ ಮೇಲಿದೆ. ಮೊದಲ ಹೆಸರು ಭಾವನದು. ಮೂವತ್ತೊಂದು ವರ್ಷದಲ್ಲಿ ಅವರ ಚುಕ್ಕೆಯನ್ನು ತಪ್ಪು ಹುಡುಕಲೆಂದು ಯಾರೂ ಒಡೆದಿಲ್ಲ.

ಚುಕ್ಕೆ ಇಡಲು ಬಳಸುವುದು ಅಕ್ಕನ ಉಗುರುಬಣ್ಣ. ಮದುವೆಯಾದ ಹೊಸತರಲ್ಲಿ ಭಾವ ಕೆಂಪು ಉಗುರುಬಣ್ಣ ತಂದುಕೊಟ್ಟಾಗ ಅಕ್ಕ ನಾಚಿಕೊಂಡಿದ್ದಳಂತೆ. ಶೀಸೆ ಮಾರನೆಯ ದಿನವೇ ಮಾಯವಾದಾಗ ನಾಚಿಕೆಯೂ ಹೋಯಿತು. ಅವಳ ಉಗುರಿಗಿಂತ ಬಂದರಿನ ಬೋಲ್ಟುಗಳೇ ಚೆಂದ ಎಂದು ಇಂದಿಗೂ ನೆಂಟರೆದುರು ಹೇಳಿಕೊಳ್ಳುತ್ತಾಳೆ.

ನಾನು ಈ ಮನೆಯ ಮಹಡಿಯ ಮೇಲಿರುವವನು, ಅಕ್ಕನ ತಮ್ಮ. ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಮದುವೆಯ ಬಗ್ಗೆ ಇದ್ದ ಗೊಂದಲ ತೀರುವ ಹೊತ್ತಿಗೆ ಮದುವೆಯ ವಯಸ್ಸೂ ತೀರಿತ್ತಾದ್ದರಿಂದ, ಊಟ ಅಕ್ಕನ ಅಡುಗೆಮನೆಯಲ್ಲೇ. ತಂತಿಯಿಲ್ಲದ ಕೊಳವೆಯಲ್ಲಿ ವಿದ್ಯುತ್ತಿನಂಥದ್ದು ಹೇಗೆ ಹೋಗುತ್ತದೆಂದು ನಾನು ಭಾವನನ್ನು ಕೇಳಿದ್ದು ಒಂದೆರಡು ಸಲವಲ್ಲ. ಅವರು ಪುಸ್ತಕ ಓದಿದವರಲ್ಲ, ಆದರೆ ಎದುರಿಗಿದ್ದವನ ಯೋಗ್ಯತೆ ನೋಡಿ ಹೇಳಬಲ್ಲವರು. ನಿನ್ನ ಶಾಲೆಯ ವರಾಂಡ ನೆನೆಸಿಕೋ ಎಂದರು. ಗಂಟೆ ಹೊಡೆದಾಗ ಮಕ್ಕಳು ಎರಡೂ ಕೈ ಚಾಚಿಕೊಂಡು ಓಡುತ್ತವೆ. ಈ ಗೋಡೆಗೆ ತಾಗಿ ಆ ಗೋಡೆಗೆ, ಆ ಗೋಡೆಗೆ ತಾಗಿ ಈ ಗೋಡೆಗೆ, ಹಾಗೇ ಮುಂದೆ ಮುಂದೆ. ಬಯಲಲ್ಲಿ ಬಿಟ್ಟರೆ ಚೆಲ್ಲಾಪಿಲ್ಲಿಯಾಗುವ ಹಿಂಡು ವರಾಂಡದಲ್ಲಿ ಒಂದೂ ತಪ್ಪದೆ ಗೇಟು ಮುಟ್ಟುತ್ತದೆ. ಅಲೆಯೂ ಹಾಗೇ. ಆದರೆ ವರಾಂಡ ಚಾಚಿದ ಕೈಗಳಿಗಿಂತ ಕಿರಿದಾದರೆ ಮಕ್ಕಳು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಅಲೆಯ ಉದ್ದಕ್ಕೆ ತಕ್ಕ ಕೊಳವೆಯೇ ಆಗಬೇಕು. ಇನ್ನು ಕೊನೆಯ ಗೇಟಿಗೆ ಬೀಗ ಹಾಕಿದ್ದರೆ? ಹೋದವೆಲ್ಲ ವಾಪಸ್ಸು ಓಡಿಬರುತ್ತವೆ, ಬರುವವಕ್ಕೆ ಡಿಕ್ಕಿ ಹೊಡೆಯುತ್ತವೆ. ಯಂತ್ರಕ್ಕೆ ಅದೇ ಪ್ರಾಣಸಂಕಟ.

ಅಡುಗೆಮನೆಯ ಮೈಕ್ರೋವೇವ್ ಓವನ್ ತೋರಿಸಿ ಇದೂ ಅದೇ ವಂಶ ಎಂದರು. ಇದರ ಹೊಟ್ಟೆಯಲ್ಲೂ ಅಲೆ ಹುಟ್ಟಿಸುವ ಒಂದು ಗುಂಡಿಗೆಯಿದೆ, ಅಲ್ಲಿಂದ ಒಳಕೋಣೆಗೆ ಒಂದು ಗೇಣುದ್ದದ ಗೈಡಿದೆ, ಅಲೆ ದೊಡ್ಡದಾದ್ದರಿಂದ ಗೈಡಿನ ಬಾಯಿ ಅಂಗೈಯಗಲ. ಬಾಗಿಲಿನ ಜಾಲರಿಯ ಸಣ್ಣ ತೂತುಗಳಲ್ಲಿ ಬೆಳಕು ಬರುತ್ತದೆ, ಅಲೆ ಬರಲಾರದು. ಆಮೇಲೆ ಗೈಡಿನ ಬಾಯಿಗೆ ಮುಚ್ಚಿರುವ ಯಾವುದೋ ಹಾಳೆಯ ಬಗ್ಗೆಯೂ ಏನೋ ಹೇಳಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ನಾನು ನನ್ನ ವಿದ್ಯಾರ್ಥಿಗಳಿಂದಲೇ ಕಲಿತದ್ದು.

ಭಾವನ ನಿವೃತ್ತಿಗೆ ಎಂಟು ತಿಂಗಳಿರುವಾಗ ಬಂದರಿಗೆ ದೊಡ್ಡ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ಸುದ್ದಿಯಾಯಿತು. ಸೋಮವಾರದಿಂದ ಗುರುವಾರದವರೆಗೆ ರೇಡಾರ್ ನಿಲ್ಲಿಸಿದರು. ಗೋಪುರಕ್ಕೆ ಬಣ್ಣ ಹೊಡೆಯುವವರು ಹತ್ತಿದರು. ಯಂತ್ರ ಹೇಗೂ ನಿಂತಿದೆಯೆಂದು ಭಾವ ಮಂಗಳವಾರ, ಗೋಪುರದ ಬುಡದಲ್ಲಿ ಉಪ್ಪುಗಾಳಿಗೆ ಸವೆದಿದ್ದ ಒಂದು ಮೊಳದುದ್ದದ ಗೈಡನ್ನು ತೆಗೆದು ಹೊಸ ತುಂಡು ಹಾಕಿದರು. ತುಂಡಿಗೆ ಎರಡು ತುದಿ, ಒಟ್ಟು ಎಂಟು ಚುಕ್ಕೆ. ಬುಧವಾರ ಸಂಜೆ ಪೇಂಟರ್ ಉಳಿದ ಬೆಳ್ಳಿಬಣ್ಣದ ಡಬ್ಬಿಯನ್ನು, ಮನೆಯ ಗೇಟಿಗಾಗುತ್ತದೆ ತೆಗೆದುಕೊಂಡು ಹೋಗಿ ಮೇಸ್ತ್ರಿ ಎಂದು ಭಾವನ ಕೈಗಿಟ್ಟ. ಗುರುವಾರ ಅಧಿಕಾರಿಗಳು ಬಂದರು, ಹೊಳೆಯುವ ಗೋಪುರ ನೋಡಿ ಮೆಚ್ಚಿದರು, ಚಹಾ ಕುಡಿದು ಹೋದರು. ಶುಕ್ರವಾರ ರೇಡಾರ್ ಹಾಕಿ ನೋಡಿದರೆ ಪರದೆಯ ಮೇಲೆ ದೊಡ್ಡ ಹಡಗುಗಳು ಮಸುಕಾಗಿದ್ದವು. ಸಣ್ಣ ದೋಣಿಗಳು ಕಾಣಿಸಲೇ ಇಲ್ಲ.

ಯಂತ್ರದ ಮೇಲೆ ಎರಡು ಮುಳ್ಳುಗಳಿವೆ. ಒಂದು, ಎಷ್ಟು ಶಕ್ತಿ ಮೇಲೆ ಹೋಗುತ್ತಿದೆ ಎಂದು ತೋರಿಸುವುದು. ಇನ್ನೊಂದು, ಎಷ್ಟು ಹಿಂದಿರುಗುತ್ತಿದೆ ಎನ್ನುವುದು. ಈ ಎರಡನೆಯದು ಸದಾ ಮಲಗಿರಬೇಕು. ಶುಕ್ರವಾರ ಅದು ಎದ್ದು ಕೂತಿತ್ತು. ಅಂದರೆ ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ. ದಾರಿಯಲ್ಲಿ ಹೊಸದೇನು? ಭಾವ ಹಾಕಿದ ತುಂಡು.

ಇಂಜಿನಿಯರ್ ಮೇಡಂ ಭಾವನಿಗಿಂತ ಇಪ್ಪತ್ತೈದು ವರ್ಷ ಚಿಕ್ಕವರು, ಮಾತು ಕಡಿಮೆ, ಲೆಕ್ಕ ಹೆಚ್ಚು. ಶನಿವಾರ ತಿರುಗುವುದನ್ನು ನಿಲ್ಲಿಸಿ, ದುರ್ಬೀನು ಹಿಡಿದು ಆಂಟೆನಾ ನೋಡಿದರು. ಅದರ ಮುಂಭಾಗದಲ್ಲಿ, ಅಲೆ ಹೊರಬೀಳುವ ಪ್ಲಾಸ್ಟಿಕ್ ಪಟ್ಟಿಯ ಮೇಲೆ 'ಬಣ್ಣ ಹಚ್ಚಬಾರದು' ಎಂದು ಬರೆದಿದೆ. ಬರಹ ಇದ್ದಲ್ಲೇ ಇತ್ತು, ಅಂದರೆ ಅಲ್ಲಿ ಬಣ್ಣ ಬಿದ್ದಿಲ್ಲ. ಗೈಡಿನಲ್ಲಿ ಹೊರಗಿನಿಂದ ನೆಗ್ಗು ಇಲ್ಲ, ಒಳಗೆ ತುಂಬಿದ ಒಣಗಾಳಿ ಸೋರುತ್ತಿಲ್ಲ. ಹಾಗಾದರೆ ತುಂಡಿನ ಒಳಗೇ ಏನೋ ಇದೆ. ಸೋಮವಾರ ಬೆಳಿಗ್ಗೆ ಬಿಚ್ಚಿ ನೋಡುವುದೆಂದು ತೀರ್ಮಾನವಾಯಿತು. ತಪ್ಪು ಅಲ್ಲಿದ್ದರೆ ಸಹಿಯವರ ಪಟ್ಟಿಯಿಂದ ಹೆಸರು ತೆಗೆಯಬೇಕಾಗುತ್ತದೆ ಮೇಸ್ತ್ರಿ, ಬೇಸರ ಮಾಡ್ಕೋಬೇಡಿ, ನಿಯಮ, ಎಂದರಂತೆ ಮೇಡಂ. ಹೆಸರು ಹೋದರೆ ಉಳಿದ ಎಂಟು ತಿಂಗಳು ಗೋದಾಮಿನಲ್ಲಿ ಬೋಲ್ಟು ವಿಂಗಡಿಸುವ ಕೆಲಸ.

ಭಾವ ಮನೆಗೆ ಬಂದು ಊಟದ ಡಬ್ಬಿ ತೆರೆದರು. ಒರೆಸುವ ಬಟ್ಟೆಗಳನ್ನು ಇಡುವುದು ಅದರ ಮೇಲಂತಸ್ತಿನಲ್ಲಿ. ಒಂದೇ ಬಟ್ಟೆ ಇತ್ತು.

ಅಲ್ಲಿಂದ ನಮ್ಮ ಮನೆಯಲ್ಲಿ ಕತ್ತಲೆ ಕವಿದ ಹಾಗಾಯಿತು. ಭಾವ ಡಬ್ಬಿಯನ್ನು ಬೋರಲು ಹಾಕಿದರು, ಚೀಲ ಕೊಡವಿದರು, ಪ್ಯಾಂಟಿನ ಜೇಬುಗಳನ್ನು ಹೊರಗೆಳೆದರು. ಆಮೇಲೆ ಜಗಲಿಯ ಮೇಲೆ ಕೂತು ಮಂಗಳವಾರವನ್ನು ನೆನಪಿಸಿಕೊಳ್ಳತೊಡಗಿದರು. ಒರೆಸಿದ್ದು ನೆನಪಿದೆ. ಟಾರ್ಚು ಕೈಗೆತ್ತಿಕೊಂಡದ್ದು ನೆನಪಿದೆ. ಅಷ್ಟರಲ್ಲಿ ಮನೆಯಿಂದ ಫೋನು ಬಂತು. ಅಕ್ಕ ಮಗಳ ಮನೆಗೆ ಹೋಗಿದ್ದಳು, ಏನೋ ಎಂತೋ ಎಂದು ಗಾಬರಿಯಿಂದ ಎತ್ತಿಕೊಂಡರು. ಮಾತು ಮುಗಿಸಿ ಬಂದದ್ದು ನೆನಪಿದೆ, ಬೋಲ್ಟು ಬಿಗಿದದ್ದು ನೆನಪಿದೆ. ನಡುವೆ ಕಣ್ಣಿಟ್ಟು ನೋಡಿದರೋ ಇಲ್ಲವೋ, ಬಟ್ಟೆ ಎಣಿಸಿದರೋ ಇಲ್ಲವೋ, ಅದು ಮಾತ್ರ ನೆನಪಿಲ್ಲ. ಆದರೆ ರಿಜಿಸ್ಟರಿನಲ್ಲಿ ಬರೆದಿದ್ದಾರೆ. 'ಒಳಗೆ ನೋಡಿದ್ದೇನೆ, ಏನೂ ಇಲ್ಲ.'

"ಸಾವಿರ ಸಲ ನೋಡಿದ್ದೀನಿ ನೋಡು," ಎಂದರು ನನ್ನತ್ತ ತಿರುಗಿ. "ಆ ಸಾವಿರದಲ್ಲಿ ಮಂಗಳವಾರದ್ದು ಯಾವುದು ಅಂತ ಹುಡುಕ್ತಾ ಇದ್ದೀನಿ. ಎಲ್ಲಾ ಒಂದೇ ಥರ ಕಾಣ್ತಾವೆ. ಎಲ್ಲದರಲ್ಲೂ ಏನೂ ಇಲ್ಲ."

ಫೋನು ಮಾಡಿದ್ದು ಯಾರೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಾಡಿದ್ದು ನಾನು.

ಇಲ್ಲಿ ನನ್ನ ಕಡೆಯ ಕಥೆ ಹೇಳಲೇಬೇಕು. ಅಕ್ಕ ಇಲ್ಲದ ಆ ವಾರ ಗಂಡಸರಿಬ್ಬರದೇ ರಾಜ್ಯಭಾರ. ಮಂಗಳವಾರ ನನಗೆ ರಜೆ. ನೀರು ಕುದಿಸುವ ತಾಪತ್ರಯ ಯಾಕೆಂದು ಒಂದು ಮೊಟ್ಟೆಯನ್ನು ಚಿಪ್ಪಿನ ಸಮೇತ ಓವನ್ನಿನಲ್ಲಿಟ್ಟೆ. ಇತಿಹಾಸದಲ್ಲಿ ಕೋಟೆಗಳು ಸಿಡಿದದ್ದನ್ನು ಪಾಠ ಮಾಡಿದ್ದೇನೆಯೇ ಹೊರತು ಕಣ್ಣಾರೆ ಕಂಡದ್ದು ಅಂದೇ. ಓವನ್ನಿನ ಒಳಗೋಡೆಗಳಿಗೆಲ್ಲ ಮೊಟ್ಟೆ ಗಾರೆಯಂತೆ ಮೆತ್ತಿಕೊಂಡಿತು. ಸ್ಟೀಲ್ ನಾರು ಎಲ್ಲಿದೆ ಎಂದು ಕೇಳಲು ಭಾವನಿಗೆ ಫೋನು ಮಾಡಿದೆ. ಸಿಂಕಿನ ಕೆಳಗೆ ಎಂದರು. ಉಜ್ಜಿದೆ. ಮೊಟ್ಟೆಯ ಜೊತೆಗೆ ಒಳಗಿನ ಬಿಳಿಬಣ್ಣವೂ ಎದ್ದು ಬಂತು. ಅಕ್ಕ ಭಾನುವಾರ ಬರುವವಳು. ಅವಳ ಕಣ್ಣಿಗೆ ಬಿದ್ದರೆ ನನ್ನ ಊಟದ ಗತಿ ಏನು ಎಂದು ಎರಡು ದಿನ ಒದ್ದಾಡುತ್ತಿರುವಾಗ, ದೇವರು ಕೊಟ್ಟ ಹಾಗೆ ಬೆಳ್ಳಿಬಣ್ಣದ ಡಬ್ಬಿ ಮನೆಗೆ ಬಂತು. ಗುರುವಾರ ಸಂಜೆ ಶಾಲೆಯಿಂದ ಬಂದವನು ಓವನ್ನಿನ ಒಳಮೈಗೆಲ್ಲ ನೀಟಾಗಿ ಎರಡು ಕೈ ಹೊಡೆದೆ. ಭಾವನಿಗೆ ಗ್ಯಾಸ್ ಒಲೆಯಲ್ಲೇ ಬಿಸಿ ಮಾಡೋಣ, ರುಚಿ ಜಾಸ್ತಿ, ಎಂದು ಹೇಳಿ ಓವನ್ನಿನ ಬಾಗಿಲು ಮುಚ್ಚಿಟ್ಟೆ.

ಭಾನುವಾರ ಬೆಳಿಗ್ಗೆ ಅಕ್ಕ ಬಂದಳು. ಜಗಲಿಯಲ್ಲಿ ಗಂಡ ಖಾಲಿ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದಾರೆ. ವಿಷಯ ಕೇಳಿ, ನಿಮ್ಮ ಕೈಯಿಂದ ಹಾಗಾಗಲ್ಲ ರೀ, ಎಂದಳು. ಹಾಗಾದರೆ ಬಟ್ಟೆ ಎಲ್ಲಿ ಎಂದರು ಭಾವ. ಚಹಾಕ್ಕೆ ಹಾಲು ಬಿಸಿ ಮಾಡುತ್ತೇನೆ ಎಂದು ಒಳಗೆ ಹೋದಳು. ನಾನು ಪತ್ರಿಕೆಯ ಹಿಂದೆ ಅಡಗಿಕೊಂಡೆ.

ಚಟಚಟ ಎಂದು ಸದ್ದಾಯಿತು. ಓವನ್ನಿನ ಒಳಗೆ ನೀಲಿ ಕಿಡಿಗಳು ಕುಣಿಯುತ್ತಿದ್ದವು. ಅಕ್ಕ ಪ್ಲಗ್ ಕಿತ್ತಳು. ಸುಟ್ಟ ಬಣ್ಣದ ವಾಸನೆ ಮನೆಯೆಲ್ಲ ತುಂಬಿತು. ಬಾಗಿಲು ತೆಗೆದು ನೋಡಿ, ಇದೇನು ಒಳಗೆಲ್ಲ ಬೆಳ್ಳಿಬಟ್ಟಲಿನ ಹಾಗಿದೆ, ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನತ್ತ ತಿರುಗಿದಳು. ನಲವತ್ತೆಂಟು ವರ್ಷದಿಂದ ಅವಳು ಅಪರಾಧಿಯನ್ನು ಹುಡುಕುವ ವಿಧಾನ ಇದೊಂದೇ. ಒಂದು ಸಲವೂ ತಪ್ಪಿಲ್ಲ.

ಭಾವ ಎದ್ದು ಬಂದರು. ಓವನ್ನಿನ ಬಲಗೋಡೆಯಿಂದ ಅಂಗೈಯಗಲದ ಒಂದು ಹಾಳೆಯನ್ನು ಬೆರಳ ತುದಿಯಿಂದ ಬಿಡಿಸಿ ತೆಗೆದರು. ಅದು ಪ್ಯಾಕಿಂಗಿನ ರಟ್ಟಿರಬೇಕೆಂದುಕೊಂಡು ನಾನು ಅದಕ್ಕೂ ಬಣ್ಣ ಬಳಿದಿದ್ದೆ. ಅದರ ನಡುವೆ ಕರಿ ತೂತು ಬಿದ್ದಿತ್ತು.

"ಇದು ಗೈಡಿನ ಬಾಯಿ ಕಣಯ್ಯಾ," ಎಂದರು ಮೆಲ್ಲಗೆ. "ಅಭ್ರಕದ ಹಾಳೆ. ಎಣ್ಣೆ, ಆವಿ ಒಳಗೆ ಹೋಗದೆ ಇರಲಿ ಅಂತ. ಅಲೆ ಇದರಲ್ಲಿ ಇದ್ದೂ ಇಲ್ಲದ ಹಾಗೆ ದಾಟಿಹೋಗುತ್ತೆ. ನೀನು ಇದಕ್ಕೆ ಲೋಹದ ಬಣ್ಣ ಬಳಿದರೆ ಗೇಟಿಗೆ ಬೀಗ ಹಾಕಿದ ಹಾಗೆ."

"ಮಕ್ಕಳೆಲ್ಲ ವಾಪಸ್ಸು," ಎಂದೆ. ಎಂದೋ ಕೇಳಿದ ಪಾಠ ಅಪರೂಪಕ್ಕೆ ಬಾಯಿಗೆ ಬಂತು.

ಭಾವ ಮತ್ತೇನೋ ಹೇಳಲು ಬಾಯಿ ತೆರೆದವರು ಹಾಗೇ ನಿಂತರು. ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು.

"ಈ ಬಣ್ಣ ಎಲ್ಲಿಂದ ಬಂತು?"

"ನೀವೇ ತಂದಿದ್ದು ಭಾವ. ಪೇಂಟರ್ ಕೊಟ್ಟಿದ್ದು."

ಅವರು ಅಡುಗೆಮನೆಯ ನೆಲದ ಮೇಲೆ ನಿಧಾನಕ್ಕೆ ಕೂತರು. ಅಕ್ಕ ಗಾಬರಿಯಾಗಿ ನೀರು ತಂದಳು. ಅವರು ಲೋಟ ಹಿಡಿದುಕೊಂಡೇ ಯೋಚಿಸುತ್ತಿದ್ದರು. ಆಮೇಲೆ ಹೇಳಿದ್ದು ಇಷ್ಟು. ಆಂಟೆನಾದ ಮೇಲಿನ ಆ ಬರಹ ಹನ್ನೆರಡು ವರ್ಷದ ಹಿಂದಿನದು. ಬಿಸಿಲಿಗೆ ಮಾಸಿ, ಕಳೆದ ವರ್ಷ ಮೇಲೆ ಹತ್ತಿ ನೋಡಿದಾಗಲೂ ಅಕ್ಷರ ಕೂಡಿಸಿ ಓದಬೇಕಿತ್ತು. ನಿನ್ನೆ ಮೇಡಂ ದುರ್ಬೀನಿನಲ್ಲಿ ನೋಡುವಾಗ, ಪಕ್ಕದಲ್ಲಿ ನಿಂತ ಇವರು ಕನ್ನಡಕವಿಲ್ಲದೆ, ಬರಿಗಣ್ಣಿನಲ್ಲಿ, ನೆಲದ ಮೇಲಿನಿಂದ ಓದಿದ್ದರು.

"ಐವತ್ತೊಂಬತ್ತು ವರ್ಷದ ಕಣ್ಣು ಹೊಸದಾಗಲ್ಲ," ಎಂದರು. "ಹಾಗಾದ್ರೆ ಹೊಸದಾಗಿದ್ದು ಏನು?"

ಅದೇ ಹೊತ್ತಿಗೆ ಅಕ್ಕ ಸಿಂಕಿನ ಕೆಳಗಿಂದ, ಬೆಳ್ಳಿಬಣ್ಣ ಮೆತ್ತಿ ಹಪ್ಪಳದಂತೆ ಒಣಗಿದ ಒಂದು ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಇದು ಯಾರದು ಎಂದಳು. ಮಸ್ಲಿನ್. ಗುರುವಾರ ಬ್ರಶ್ ಒರೆಸಲು ಮೆತ್ತನೆಯ ಬಟ್ಟೆ ಬೇಕಾದಾಗ ಊಟದ ಡಬ್ಬಿಯ ಮೇಲಂತಸ್ತಿನಲ್ಲಿ ನನಗೆ ಸಿಕ್ಕಿತ್ತು. ಶನಿವಾರದಿಂದ ಭಾವ ಬಟ್ಟೆ ಬಟ್ಟೆ ಎಂದು ಹಲುಬುತ್ತಿದ್ದುದನ್ನು ಕೇಳಿಯೂ ನನಗೆ ಇದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಅಕ್ಕನೂ ಕೇಳಿದಳು. ಅವರು ಹುಡುಕುತ್ತಿದ್ದುದು ರೇಡಾರಿನ ಬಟ್ಟೆ, ನಾನು ತೆಗೆದುಕೊಂಡದ್ದು ಅಡುಗೆಮನೆಯ ಬಟ್ಟೆ ಎಂದು ನನ್ನ ತಲೆಯಲ್ಲಿ ಬೇರೆ ಬೇರೆ ಕಪಾಟಿನಲ್ಲಿದ್ದವು. ಈ ಸಮಜಾಯಿಷಿ ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ. "ಲೋ, ನಿನ್ನ ತಲೆಯಲ್ಲಿ ಒಂದು ಟಾರ್ಚು ಹಿಡಿದು ನೋಡಿಸ್ಬೇಕು ಇವರ ಕೈಲಿ. ಸಹಿ ಹಾಕೋಕೆ ಏನೂ ಯೋಚಿಸಬೇಕಾಗಿಲ್ಲ," ಎಂದಳು.

ಭಾವ ಮಾತ್ರ ಬೈಯಲಿಲ್ಲ. ಬಟ್ಟೆಯನ್ನು ಮಡಿಸಿ, ಅಂದರೆ ಮುರಿದು, ಜೇಬಿಗಿಟ್ಟುಕೊಂಡರು. ಮೇಡಂಗೆ ಈಗಲೇ ಫೋನು ಮಾಡಿ ಎಂದಳು ಅಕ್ಕ. ಕಣ್ಣಲ್ಲಿ ಕಾಣದೆ ಇನ್ನೊಬ್ಬರ ಮೇಲೆ ಹೇಳಲಾರೆ ಎಂದರು ಅವರು. ನನಗೆ ಮಾತ್ರ, ನಾಳೆ ಅರ್ಧ ದಿನ ರಜೆ ಹಾಕು, ಬಟ್ಟೆಯ ವಿಷಯ ನೀನೇ ಬಂದು ಹೇಳಬೇಕು, ಎಂದರು.

ಸೋಮವಾರ ಬೆಳಿಗ್ಗೆ ನಾನು ಯಂತ್ರದ ಕೋಣೆಯಲ್ಲಿ ಸಾಕ್ಷಿಯಾಗಿ ನಿಂತೆ. ಗೋಡೆಯ ಮೇಲೆ ಪಟ್ಟಿ ಇತ್ತು, ಮೊದಲ ಹೆಸರು ಇನ್ನೂ ಇತ್ತು. ಮೇಡಂ ಸ್ಪ್ಯಾನರ್ ತಂದಿಟ್ಟುಕೊಂಡಿದ್ದರು. ನಾನು ಮೊಟ್ಟೆಯಿಂದ ಆರಂಭಿಸಿ ಎಲ್ಲವನ್ನೂ ವಿವರಿಸಿದೆ. ಸಾಮಾನ್ಯವಾಗಿ ನನ್ನ ಮುಖದಲ್ಲಿರುವ, ಏನೂ ಅರ್ಥವಾಗದ ಭಾವನೆ ಅವರ ಮುಖದಲ್ಲಿ ಮೂಡಿತು.

"ಮೇಡಂ, ನನ್ನ ಜಾಯಿಂಟ್ ಬಿಚ್ಚೋ ಮೊದಲು ಮೇಲೆ ಹೋಗಿ ಆಂಟೆನಾದ ಆ ಪ್ಲಾಸ್ಟಿಕ್ ಪಟ್ಟೀನ ಕೈಯಲ್ಲಿ ಮುಟ್ಟಿ ನೋಡ್ಬೇಕು," ಎಂದರು ಭಾವ.

"ನಾನೇ ನೋಡಿದ್ದೀನಲ್ಲ ಮೇಸ್ತ್ರಿ. ಬಣ್ಣ ಹಚ್ಚಬಾರದು ಅಂತ ಎಷ್ಟು ಸ್ಪಷ್ಟವಾಗಿ ಕಾಣುತ್ತೆ."

"ಅದೇ ಮೇಡಂ. ಅಷ್ಟು ಸ್ಪಷ್ಟ ಹೇಗೆ ಕಾಣುತ್ತೆ?"

ಮೇಡಂ ಯಂತ್ರ ಆರಿಸಿ, ಅದರ ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಟ್ಟುಕೊಂಡು ಏಣಿ ಹತ್ತಿದರು. ಹಿಂದೆ ಭಾವ. ನಾನು ಎಂಟು ಮೆಟ್ಟಿಲು ಹತ್ತಿ, ಕೆಳಗೆ ನೋಡಿ, ಅಲ್ಲೇ ಉಳಿದೆ.

ಮೇಲೆ ಅವರು ಕಂಡದ್ದು ಹೀಗೆ. ಪೇಂಟರ್ ಇಡೀ ಪಟ್ಟಿಗೆ, ಮಾಸಿದ ಅಕ್ಷರಗಳ ಮೇಲೂ ಸೇರಿ, ಬೆಳ್ಳಿಬಣ್ಣ ಬಳಿದಿದ್ದ. ಒಣಗಿದ ಮೇಲೆ ಅದರ ಮೇಲೆಯೇ ಕಪ್ಪು ಬಣ್ಣದಲ್ಲಿ, ಮೊದಲಿಗಿಂತ ದಪ್ಪವಾಗಿ, ಮೊದಲಿಗಿಂತ ಅಂದವಾಗಿ, 'ಬಣ್ಣ ಹಚ್ಚಬಾರದು' ಎಂದು ಬರೆದಿದ್ದ.

ಅವನನ್ನು ಕರೆಸಿದರು. ಗೋದಾಮಿನ ಗೋಡೆಗೆ ಬಣ್ಣ ಹೊಡೆಯುತ್ತಿದ್ದವನು ಬ್ರಶ್ ಹಿಡಿದೇ ಬಂದ. ಅವನಿಗೆ ಮಾತು ಬರುತ್ತದೆ, ಓದು ಬರುವುದಿಲ್ಲ. ಎಲ್ಲೆಲ್ಲಿ ಅಕ್ಷರ ಇದೆಯೋ ಅಲ್ಲಲ್ಲಿ ಹಾಗೇ ಇರಬೇಕು, ಒಂದೂ ಹೋಗಬಾರದು ಎಂದು ಗುತ್ತಿಗೆದಾರ ಹೇಳಿದ್ದನಂತೆ. ಅದಕ್ಕೇ ಬಳಿಯುವ ಮೊದಲು ಕಾಗದ ಒತ್ತಿಟ್ಟು ಪೆನ್ಸಿಲಿನಲ್ಲಿ ನಕಲು ತೆಗೆದುಕೊಂಡಿದ್ದ. ಜೇಬಿನಿಂದ ಆ ಕಾಗದ ತೆಗೆದು ತೋರಿಸಿದ.

"ಒಂದು ಅಕ್ಷರಾನೂ ತಪ್ಪಿಲ್ಲ ಮೇಡಂ. ಬೇಕಾದ್ರೆ ಓದ್ಕೊಳ್ಳಿ."

ಮೇಡಂ ಓದಿಕೊಂಡರು. ಭಾವ ಕಾಗದವನ್ನು ಕೈಗೆ ತೆಗೆದುಕೊಂಡು, ಅಕ್ಷರ ಚೆನ್ನಾಗಿದೆ, ನನ್ನ ಕೈಯಲ್ಲಿ ಇಷ್ಟು ಬರೋದಿಲ್ಲ, ಎಂದು ಹಿಂದಕ್ಕೆ ಕೊಟ್ಟರು. ಆಮೇಲೆ ಆ ಬರಹದ ಅರ್ಥವನ್ನು ಅವನಿಗೆ ಹೇಳಿದರು. ಪೇಂಟರ್ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ, ಅದರ ಇನ್ನೊಂದು ಬದಿಯಲ್ಲಾದರೂ ಬೇರೆ ಅರ್ಥ ಇರಬಹುದೆಂಬಂತೆ. ಬಣ್ಣ ತೆಗೆಯುವ ಕೆಲಸಕ್ಕೆ ತಾನೇ ಮೇಲೆ ಹತ್ತಿದ.

ಸ್ಪಿರಿಟ್ಟಿನಲ್ಲಿ ನೆನೆಸಿ, ಪಟ್ಟಿಯ ಮೇಲಿನ ಬಣ್ಣವನ್ನು ಕೆರೆದು, ಒರೆಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಎಲ್ಲರೂ ಕೆಳಗಿಳಿದ ಮೇಲೆ ಯಂತ್ರ ಹಾಕಿದರು. ಎರಡನೆಯ ಮುಳ್ಳು ಒಮ್ಮೆ ಅಲುಗಿ ಮಲಗಿಬಿಟ್ಟಿತು. ಪರದೆಯ ಮೇಲೆ ಬಂದರಿನ ಬಾಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಚುಕ್ಕೆಗಳು ಒಂದೊಂದಾಗಿ ಮೂಡಿದವು. ದೋಣಿಗಳು. ಮೇಡಂ ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕಿ, ನಿಮ್ಮ ಚುಕ್ಕೆ ಒಡೆಯೋ ಹಾಗಿಲ್ಲ ಮೇಸ್ತ್ರಿ, ಎಂದು ನಕ್ಕರು. ಅವರು ನಕ್ಕಿದ್ದನ್ನು ಮೂರು ವರ್ಷದಲ್ಲಿ ಮೊದಲ ಸಲ ನೋಡಿದೆ ಎಂದು ಆಮೇಲೆ ಭಾವ ಹೇಳಿದರು.

ಇಲ್ಲಿಗೆ ಮುಗಿಯಬೇಕಿತ್ತು. ಭಾವ ಕದಲಲಿಲ್ಲ.

"ಒಡೀಬೇಕು ಮೇಡಂ," ಎಂದರು.

"ಯಾಕೆ? ಮುಳ್ಳು ಮಲಗಿದೆ. ಬಟ್ಟೆ ನಿಮ್ಮ ಮನೇಲಿ ಸಿಕ್ಕಿದೆ. ಒಳಗೆ ಏನೂ ಇಲ್ಲ ಅಂತ ಗೊತ್ತಾಯ್ತಲ್ಲ."

"ಮುಳ್ಳಿಗೆ ಗೊತ್ತು. ನಿಮಗೆ ಗೊತ್ತು. ನನಗೆ ಗೊತ್ತಿಲ್ಲ. ನೋಡಿದ್ದೀನಿ ಅಂತ ಸಹಿ ಹಾಕಿದ್ದೀನಿ."

ಮೇಡಂ ಗಡಿಯಾರ ನೋಡಿ, ಹಡಗುಗಳ ಕಡೆಯವರಿಗೆ ಫೋನು ಮಾಡಿ, ಯಂತ್ರವನ್ನು ಮತ್ತೆ ಆರಿಸಿ, ಹದಿನೈದು ನಿಮಿಷ ಕೊಟ್ಟರು. ಗೈಡು ಬಿಚ್ಚಲು ಕಾರಣ ಬರೆಯಬೇಕಾದ ಜಾಗದಲ್ಲಿ ಪೆನ್ನು ಹಿಡಿದು ಯೋಚಿಸಿ, 'ಮೇಸ್ತ್ರಿಯ ಸಮಾಧಾನಕ್ಕಾಗಿ' ಎಂದು ಬರೆದರು. ಭಾವ ತಮ್ಮ ಎಂಟು ಚುಕ್ಕೆಗಳನ್ನು ಬ್ಲೇಡಿನಿಂದ ತಾವೇ ಒಡೆದರು. ತುಂಡನ್ನು ಬಿಚ್ಚಿ ಕೈಗೆ ತೆಗೆದುಕೊಂಡು, ಟಾರ್ಚನ್ನು ನನಗೆ ಕೊಟ್ಟು, ಆ ತುದಿಗೆ ಹಿಡಿ, ಅಲುಗಬೇಡ, ಎಂದರು. ಅಲುಗಲಿಲ್ಲ. ನನ್ನ ಬದುಕಿನಲ್ಲಿ ರೇಡಾರಿಗೆ ನಾನು ಸಲ್ಲಿಸಿದ ಸೇವೆ ಅದೊಂದೇ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಟಾರ್ಚು ತಾವು ಹಿಡಿದು, ನೀನೂ ನೋಡು ಎಂದರು. ಕಣ್ಣಿಟ್ಟೆ. ನಾಲ್ಕು ತಾಮ್ರದ ಗೋಡೆಗಳು ಬೆಳಕನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಾ, ಹೊಂಬಣ್ಣದ ಒಂದು ಪುಟ್ಟ ವರಾಂಡದ ಹಾಗೆ ಹೊಳೆಯುತ್ತಿದ್ದವು. ಒಂದು ಎಳೆ ದಾರವಿಲ್ಲ, ಒಂದು ಕಣ ಧೂಳಿಲ್ಲ.

"ಏನೂ ಇಲ್ಲ ಭಾವ."

"ಹ್ಞೂಂ. ಏನೂ ಇಲ್ಲ."

ಹೊಸ ರಬ್ಬರಿನ ಉಂಗುರ ಹಾಕಿ, ತುಂಡು ಕೂರಿಸಿ, ಬೋಲ್ಟು ಬಿಗಿದು, ಜೇಬಿನಿಂದ ಅಕ್ಕನ ಉಗುರುಬಣ್ಣದ ಶೀಸೆ ತೆಗೆದರು. ಅದನ್ನು ಅವರು ಬೆಳಿಗ್ಗೆಯೇ ಮನೆಯಿಂದ ತಂದಿದ್ದರು. ಅಂದರೆ ಮುಳ್ಳು ಮಲಗಿದರೂ ಸರಿ, ಎದ್ದರೂ ಸರಿ, ಬಿಚ್ಚಿ ನೋಡುವುದೆಂದು ಹೊರಡುವಾಗಲೇ ನಿರ್ಧರಿಸಿದ್ದರು. ಎಂಟು ಹೊಸ ಚುಕ್ಕೆ ಇಟ್ಟು, ರಿಜಿಸ್ಟರಿನಲ್ಲಿ ಹೊಸ ಸಾಲು ಬರೆದು ಸಹಿ ಹಾಕಿದರು. ಮಂಗಳವಾರದ ಸಾಲನ್ನು ಏನು ಮಾಡುತ್ತೀರಿ ಎಂದು ಮೇಡಂ ಕೇಳಿದ್ದಕ್ಕೆ, ಅದರ ಪಕ್ಕದಲ್ಲಿ 'ನೋಡಿದ್ದು ನೆನಪಿಲ್ಲ' ಎಂದು ಸೇರಿಸಿದರು. ಮೇಡಂ ಅದನ್ನು ಓದಿ, ಗೋಡೆಯ ಮೇಲಿನ ಪಟ್ಟಿಯ ಕಡೆ ಒಮ್ಮೆ ನೋಡಿ, ರಿಜಿಸ್ಟರ್ ಮುಚ್ಚಿದರು. ಪಟ್ಟಿ ಹಾಗೆಯೇ ಇದೆ, ಮೊದಲ ಹೆಸರೂ.

ಮಂಗಳವಾರ ಅವರು ನೋಡಿದ್ದರೋ ಇಲ್ಲವೋ ಎಂಬುದು ಇವತ್ತಿಗೂ ಅವರಿಗೆ ಗೊತ್ತಿಲ್ಲ. ಆಗಾಗ ಊಟದ ನಡುವೆ ಕೈ ನಿಲ್ಲಿಸಿ ಯೋಚಿಸುತ್ತಾರೆ. ಆ ಶಕ್ತಿ ಹೋಗುವುದು ಗೋಡೆಯಲ್ಲೋ ನಡುವಿನ ಖಾಲಿಯಲ್ಲೋ ಎಂದು ನಾನು ಮೊನ್ನೆ ಮತ್ತೆ ಕೇಳಿದೆ. ಖಾಲಿಯಲ್ಲೇ ಹೋಗುತ್ತೆ, ಆದರೆ ಗೋಡೆ ಇರಬೇಕು, ಎಂದರು. ತಲೆಯಾಡಿಸಿದೆ.

ಓವನ್ನಿನ ಒಳಗೆ ನಾನು ಬಳಿದದ್ದನ್ನೆಲ್ಲ ಕೆರೆಸಿ, ಓವನ್ನಿಗೆಂದೇ ಇರುವ ಬಿಳಿಬಣ್ಣ ಹಾಕಿಸಿ, ಗೈಡಿನ ಬಾಯಿಗೆ ಹೊಸ ಅಭ್ರಕದ ಹಾಳೆ ಕೂರಿಸಿದ್ದಾರೆ. ಅದರ ಹಿಂಬದಿಯ ಸ್ಕ್ರೂಗಳ ಮೇಲೆ ಒಂದೊಂದು ಕೆಂಪು ಚುಕ್ಕೆಯಿದೆ. ಅದು ಭಾವ ಇಟ್ಟದ್ದು. ಬೆಳ್ಳಿಬಣ್ಣದ ಡಬ್ಬಿಯ ಮುಚ್ಚಳದ ಮೇಲೆ, ಸ್ಟೀಲ್ ನಾರಿನ ಡಬ್ಬಿಯ ಮೇಲೆ, ಮೊಟ್ಟೆಯ ಬುಟ್ಟಿಯ ಮುಚ್ಚಳದ ಮೇಲೆ ಇರುವವು ಅಕ್ಕ ಇಟ್ಟವು. ಶೀಸೆ ಮತ್ತೆ ಖಾಲಿಯಾಗಿದೆ, ಹೊಸದನ್ನು ತಂದುಕೊಡಬೇಕಾದವನು ನಾನು.